ಅಮಾನತು ಪುಸ್ತಕಗಳು

ಭಾಲ್ಕಿಯ ಕಾಶೀರಾಮ ಬೀದರಿನ ಕುತುಬಖಾನೆಯಲ್ಲಿ, ಅಂದರೆ ಊರ ಗ್ರಂಥಾಲಯದಲ್ಲಿ, ಕಾರಕೂನನಾಗಿದ್ದ. ಅಕ್ಷರ ಮುತ್ತು ಪೋಣಿಸಿದಂತೆ. ಧೈರ್ಯ ಮಾತ್ರ ಅಷ್ಟಕ್ಕಷ್ಟೆ.

ಅವನಿಗೆ ಕೆಲಸ ಕಲಿಸಿದ ಹಿರಿಯ ಖಾಸಿಂ ಅಲಿ ಇಟ್ಟಿದ್ದು ಉರ್ದುವಿನ ಒಂದೇ ದಪ್ಪ ರಜಿಸ್ಟರು. ಪುಸ್ತಕ ಬಂದ ದಿನದ ಕ್ರಮದಲ್ಲೇ ದಾಖಲು. ವಿಷಯ ಹಿಡಿದು ಹುಡುಕಹೊರಟರೆ ಹೊತ್ತು ಮುಳುಗುತ್ತಿತ್ತು. ಆದರೆ ಪುಸ್ತಕ ಯಾರದು, ಏಕೆ ಬಂತು ಎಂಬುದೆಲ್ಲ ಅಂಚಿನಲ್ಲಿರುತ್ತಿತ್ತು. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಔರಾದಿನ ಮಾಸ್ತರ ಬದ್ರೋದ್ದೀನ ಊರು ಬಿಡುವಾಗ ನಲವತ್ತು ಪುಸ್ತಕ ತಂದಿಟ್ಟರು. ಅವುಗಳೆದುರು ಖಾಸಿಂ ಅಲಿ ‘ಅಮಾನತು, ಕೇಳಿದಾಗ ಮರಳಿ ಕೊಡತಕ್ಕದ್ದು’ ಎಂದು ಬರೆದರು. ಮರುವರ್ಷ ತೀರಿಕೊಂಡರು.

ಆಮೇಲೆ ಹೊಸ ಪದ್ಧತಿ ಬಂತು. ಪುಸ್ತಕಕ್ಕೊಂದು ಕಾರ್ಡು: ಬರೆದವರ ಹೆಸರು, ಪುಸ್ತಕದ ಹೆಸರು, ವಿಷಯದ ಅಂಕಿ. ಯಾವ ಪುಸ್ತಕವಾದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಕೈಗೆ. ‘ಯಾರದು’ ಎಂದು ಬರೆಯಲು ಮಾತ್ರ ಕಾರ್ಡಿನಲ್ಲಿ ಜಾಗವಿರಲಿಲ್ಲ. ರಜಿಸ್ಟರಿನಿಂದ ಕಾರ್ಡಿಗಿಳಿಸುವಾಗ ಕಾಶೀರಾಮ ‘ಅಮಾನತು’ ಎಂಬುದನ್ನು ಓದಿದ, ಬಿಟ್ಟ. ಕೆಲಸ ಮುಗಿದ ಮೇಲೆ ರಜಿಸ್ಟರನ್ನು ರದ್ದಿಗೆ ಹಾಕಿದ. ಮೇಲಿನ ಸಾಹೇಬರು ಕಾರ್ಡು ನೋಡಿ ಬೆನ್ನು ತಟ್ಟಿ, ಇವನ ನೌಕರಿ ಕಾಯಂ ಮಾಡಲು ಬರೆದರು.

ಔರಾದಿಗೆ ಮರಳಿದ್ದ ಬದ್ರೋದ್ದೀನ ಆ ವಾರವೇ ಬರಬೇಕೆ!

“ನನ್ನ ಅಮಾನತು ಅದರಿ ಇಲ್ಲಿ. ಖಾಸಿಂ ಅಲಿ ಸಾಹೇಬರು ನನ್ನ ಮುಂದ ಬರ್ಕೊಂಡಾರ.”

ನಿಜ ಹೇಳಿದರೆ ಕೈಗೆ ಬಂದ ತುತ್ತು ಬಾಯಿಗಿಲ್ಲ. ಕಾಶೀರಾಮ ಕಾರ್ಡು ತೆಗೆದು ತೋರಿಸಿದ. “ಇದರಾಗ ಹಂಗ ಏನೂ ಇಲ್ರಿ, ಮಾಸ್ತರ.”

ಮುದುಕರು ಕಾರ್ಡನ್ನೇ ನೋಡಿದರು. “ಅಕ್ಷರ ಛಲೋ ಅವರಿ. ನೀವ್ಯಾಕ ಸುಳ್ಳು ಹೇಳ್ತೀರಿ? ನನ್ನ ನೆನಪೇ ತಪ್ಪಿರಬೇಕು. ಆವತ್ತು ತಲಿ ಎಲ್ಲಿತ್ತೋ.”

ಕಾಶೀರಾಮನಿಗೆ ನೆಲ ಬಾಯ್ಬಿಟ್ಟು ನುಂಗಬಾರದೆ ಅನ್ನಿಸಿತು. ಅವನು ಮಾತ್ರ ಬಾಯಿ ಬಿಡಲಿಲ್ಲ.

ಬದ್ರೋದ್ದೀನ ಜಗಳವಾಡಲಿಲ್ಲ. ಎಲ್ಲರಂತೆ ಓದುಗರ ಚೀಟಿ ಮಾಡಿಸಿಕೊಂಡರು. ಹದಿನೈದು ದಿನಕ್ಕೊಮ್ಮೆ ಔರಾದಿನಿಂದ ಬಂದು, ತಮ್ಮದೇ ಪುಸ್ತಕವೊಂದನ್ನು ಸಹಿ ಹಾಕಿ ಒಯ್ಯುವರು. ವಾಯಿದೆಗೆ ಸರಿಯಾಗಿ ತಂದು ಕೊಡುವರು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಕಾಶೀರಾಮ ಪ್ರತಿ ಸಲ ಅಂದುಕೊಳ್ಳುವನು. ನೌಕರಿ ಕಾಯಂ ಆಯಿತು. ಆಗಲೂ ಹೇಳಲಿಲ್ಲ.

ಒಮ್ಮೆ ಮಳೆಗಾಲದಲ್ಲಿ ಹಳ್ಳ ತುಂಬಿ ಮೋಟಾರು ನಿಂತಿತು. ಮರುದಿನ ಬಂದ ಮುದುಕರು ರುಮಾಲಿನಿಂದ ಪುಸ್ತಕ ಬಿಚ್ಚಿಟ್ಟು, ಕೈ ಜೋಡಿಸಿದರು.

“ಒಂದ್ ದಿನ ತಡಾ ಆತ್ರಿ. ಮಾಫ್ ಮಾಡ್ರಿ.”

ಮಾಫಿ ಕೊಡಬೇಕಾದವನು ಕಾಶೀರಾಮ! “ಇರ್ಲಿ ಬಿಡ್ರಿ,” ಅಂದ, ತಲೆ ಎತ್ತಲಾರದೆ.