ಕೋಟೆ ಬಿಟ್ಟು ಮುಯ್ಯಾಳಿಗೆ ಹೋದದ್ದು

ನಮ್ಮ ಮನೆಯಲ್ಲಿ ರೇಷ್ಮೆಹುಳು ಜ್ವರಕ್ಕೆ ಕೂತಾಗ ನಾನು ಫೋನಿನಲ್ಲಿ ಆಟ ಆಡುತ್ತೇನೆ. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಹಳೇ ಚರ್ಮ ಬಿಡುವ ಹೊತ್ತು. ಆಗ ಅದು ತಲೆ ಎತ್ತಿಕೊಂಡು ಸುಮ್ಮನೆ ಕೂತಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಸೊಪ್ಪು ಹಾಕುವವರಿಗೂ ಆವತ್ತು ಬಿಡುವು. ಮಂಡಿಕಲ್ ಕಡೆಯ ನಮ್ಮೂರಿನಲ್ಲಿ ಈ ಬಿಡುವಿಗೆ ಕೆಲವರು ನೆಂಟರ ಮನೆಗೆ ಹೋಗುತ್ತಾರೆ, ಕೆಲವರು ಮಲಗುತ್ತಾರೆ. ನಾನು ಕತ್ತಿ ಗುರಾಣಿಗಳ ಊರಿಗೆ ಹೋಗುತ್ತೇನೆ.

ಕರೆದುಕೊಂಡು ಹೋದವಳು ಮೊಮ್ಮಗಳು. ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ. ಅವಳ ಆಟದಲ್ಲಿ ಒಬ್ಬೊಬ್ಬರು ಒಂದೊಂದು ವೇಷ ಹಾಕಬೇಕು: ಬಿಲ್ಲುಗಾರ, ಮಂತ್ರವಾದಿ, ಭಟ. ಎಲ್ಲೆಲ್ಲಿಯ ಜನವೋ ತಮ್ಮ ತಮ್ಮ ಫೋನು ಹಿಡಿದು ಅದೇ ಕಾಡಿನಲ್ಲಿ ಓಡಾಡುತ್ತಿರುತ್ತಾರೆ. ಇವಳು ಕಾಲೇಜಿನ ನಾಲ್ವರನ್ನು ಸೇರಿಸಿ ಒಂದು ಗುಂಪು ಕಟ್ಟಿದ್ದಳು. ಅದಕ್ಕೆ ಇವಳೇ ನಾಯಕಿ. ಗಾಯ ವಾಸಿ ಮಾಡುವ ವೈದ್ಯೆಯ ವೇಷ ಮಾತ್ರ ಯಾರಿಗೂ ಬೇಡವಾಗಿತ್ತು, ಯಾಕೆಂದರೆ ಅವಳ ಕೈಯಲ್ಲಿ ಕತ್ತಿ ಇರುವುದಿಲ್ಲ. ಅದು ನನ್ನ ಪಾಲಿಗೆ ಬಂತು.

"ಅಜ್ಜಿ, ನೀನ್ ಹಿಂದೆ ನಿಂತ್ಕೊಂಡು ಈ ಹಸಿರು ಬಟನ್ ಒತ್ತು ಅಷ್ಟೇ. ಯಾರ್ ಬಿದ್ರೂ ಒತ್ತು. ಮುಂದಕ್ ಮಾತ್ರ ಬರ್ಬೇಡ."

"ನಿಮ್ಮಪ್ಪ ಹುಟ್ಟಿದಾಗ್ಲಿಂದ ಅದ್ನೇ ಮಾಡ್ತಿದೀನಿ ಕಣಮ್ಮ. ಬಟನ್ ಒಂದಿರ್ಲಿಲ್ಲ."

ವೇಷ ಆರಿಸಲು ಕೂತಾಗ ನೋಡಿದೆ, ಅಲ್ಲಿಯ ಹೆಂಗಸರೆಲ್ಲ ಒಂದೇ ಅಚ್ಚಿನವರು. ಯುದ್ಧಕ್ಕೆ ಹೊರಟಿದ್ದಾರೆ, ಹೊಟ್ಟೆ ಮುಚ್ಚುವಷ್ಟು ಬಟ್ಟೆ ಇಲ್ಲ. ಹಟ ಮಾಡಿ ಬಿಳಿ ಕೂದಲು ಹಾಕಿಸಿದೆ. ಮುಖಕ್ಕೆ ಒಂದೆರಡು ಸುಕ್ಕೂ ಇರಲಿ ಎಂದರೆ ಆ ಆಟದಲ್ಲಿ ಸುಕ್ಕಿನ ವ್ಯವಸ್ಥೆಯೇ ಇಲ್ಲವಂತೆ. ಕೊಂಬು, ಬಾಲ, ರೆಕ್ಕೆ ಎಲ್ಲ ಇವೆ.

ಹೋಗಿ ಬಂದು ಮಾಡುತ್ತಾ ಆ ಊರಿನ ರೀತಿನೀತಿ ಸ್ವಲ್ಪ ತಿಳಿಯಿತು. ಅಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ಕಡಿದ ಮರ ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಬೆಳೆದು ನಿಂತಿರುತ್ತದೆ. ಸತ್ತವರು ಬಾವಿಕಟ್ಟೆಯ ಹತ್ತಿರ ಎದ್ದು ನಿಲ್ಲುತ್ತಾರೆ, ಅಳುವವರಿಲ್ಲ. ಮೊದಲ ಸಲ ನಾನು ಸತ್ತಾಗ ಕನ್ನಡಕ ತೆಗೆದು ಒರೆಸಿ ನೋಡಿದೆ. ಕಟ್ಟೆಯ ಮುಂದೆ ನಿಂತಿದ್ದೆ, ಬಿಳಿ ಕೂದಲು ಒಂದೆಳೆಯೂ ಕೆದರಿರಲಿಲ್ಲ. ಇಷ್ಟೇನಾ ಅನ್ನಿಸಿತು.

ಅಲ್ಲಿ ಮಾತಾಡಬೇಕೆಂದರೆ ಬರೆಯಬೇಕು. ನಾನು ಫೋನಿನಲ್ಲಿ ಬರೆಯಲು ಆಗಷ್ಟೇ ಕಲಿತಿದ್ದೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಜೀವ ಹೋಗಿರುತ್ತದೆ. "ಹಿಂದೆ ಕರಡಿ ಇದೆ ನೋಡು" ಎಂದು ಬರೆದು ಕಳಿಸುವ ಹೊತ್ತಿಗೆ ಕರಡಿ ಬಂದು ತನ್ನ ಕೆಲಸ ಮುಗಿಸಿ ಹೊರಟೂಹೋಗಿತ್ತು. ಆಮೇಲೆ ಮೊಮ್ಮಗಳು ಮೈಕು ಹಾಕಿ ಬಾಯಲ್ಲಿ ಮಾತಾಡುವುದನ್ನು ತೋರಿಸಿಕೊಟ್ಟಳು.

ಒಂದು ದಿನ ಅವಳು ಕಾಲೇಜಿಗೆ ಹೋಗಿದ್ದಾಗ ನಾನೊಬ್ಬಳೇ ಆಟದ ಕಾಡಿಗೆ ಔಷಧಿ ಬೇರು ಕೀಳಲು ಹೋದೆ. ಮತ್ತೆ ಕರಡಿ. "ಅಯ್ಯೋ ನನ್ನವ್ವಾ" ಎಂದು ಮೈಕಿನಲ್ಲೇ ಕಿರುಚಿಕೊಂಡೆ. ಎಲ್ಲಿಂದಲೋ ಗಡ್ಡ ಬಿಟ್ಟ ದೊಡ್ಡ ಗಂಡಾಳೊಬ್ಬ ಕೊಡಲಿ ಹಿಡಿದು ಬಂದು ಕರಡಿಯನ್ನು ಕೆಡವಿದ. ಆಮೇಲೆ ಆ ಗಡ್ಡದೊಳಗಿಂದ ಹೆಂಗಸಿನ ದನಿ ಬಂತು.

"ಅವ್ವಾ, ಒಕ್ಕದಾನಿವೇ ವಚ್ಚಾವಾ?"

ಒಬ್ಬಳೇ ಬಂದೆಯಾ ಎಂದು ಕೇಳಿದ್ದು. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ. ಅವಳು ಹಿಂದೂಪುರದ ಕಡೆಯವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳಂತೆ. ಮಾತಿನ ನಡುವೆ ಮಷೀನಿನ ಸದ್ದು ಕೇಳುತ್ತಿತ್ತು. ನನ್ನ ಬುಟ್ಟಿ ತುಂಬುವವರೆಗೂ ಆ ಗಡ್ಡದ ಆಳು ಕೊಡಲಿ ಹಿಡಿದು ಕಾವಲು ನಿಂತಿತು. ಹೊರಡುವಾಗ ನಾನೂ ತೆಲುಗಿನಲ್ಲೇ ಹೇಳಿದೆ, ನಿನ್ನ ಕೆಲಸ ಇದ್ದಾಗ ಕರೆಯಮ್ಮ, ಬರುತ್ತೇನೆ ಅಂತ.

ನಮ್ಮಲ್ಲಿ ಇದಕ್ಕೆ ಮುಯ್ಯಾಳು ಅನ್ನುತ್ತೇವೆ. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಒಂದು ಮನೆಯವರ ಕೈ ಸಾಲದು. ಅಕ್ಕಪಕ್ಕದವರು ಬರುತ್ತಾರೆ. ಅವರ ಹುಳು ಹಣ್ಣಾದ ದಿನ ನಾವು ಹೋಗುತ್ತೇವೆ. ಕೂಲಿ ಇಲ್ಲ. ಕರೆದಾಗ ಮಾತ್ರ ಕೈಯಲ್ಲಿರುವುದನ್ನು ಬಿಟ್ಟು ಹೋಗಬೇಕು, ಯಾಕೆಂದರೆ ಹಣ್ಣಾದ ಹುಳು ನಾಳೆಗೆ ಕಾಯುವುದಿಲ್ಲ. ತಪ್ಪಿಸಿಕೊಂಡವರನ್ನು ಯಾರೂ ಬೈಯುವುದಿಲ್ಲ. ಮುಂದಿನ ಬೆಳೆಗೆ ಅವರ ಮನೆಗೆ ಬರುವುದಿಲ್ಲ, ಅಷ್ಟೇ.

ಈ ನಡುವೆ ಮೊಮ್ಮಗಳ ಗುಂಪಿನಲ್ಲಿ ಜಗಳ ಹತ್ತಿತ್ತು. ಬಿಲ್ಲುಗಾರನ ವೇಷದ ಹುಡುಗನಿಗೆ ತಾನೇ ನಾಯಕನಾಗಬೇಕು ಅಂತ. "ಅಜ್ಜೀರ್ನ ಸೇರ್ಸ್ಕೊಂಡ್ರೆ ಇದು ಭಜನೆ ಮಂಡ್ಳಿ ಆಗುತ್ತೆ" ಎಂದು ಆಡಿಕೊಂಡಿದ್ದನಂತೆ. ಕೊನೆಗೆ ಒಂದು ಪಂದ್ಯ ಕಟ್ಟಿದರು. ಭಾನುವಾರ ಮಧ್ಯಾಹ್ನ ಕಪ್ಪು ಕೋಟೆಗೆ ನುಗ್ಗುವುದು. ಗೆದ್ದರೆ ಇವಳ ಪಟ್ಟ ಇವಳಿಗೇ, ಸೋತರೆ ಅವನಿಗೆ.

"ಅಜ್ಜಿ, ನಾನ್ ಕಟ್ಟಿದ್ ಗುಂಪು ಅದು. ಒಬ್ಬೊಬ್ರನ್ನೂ ಕಾಡಿ ಬೇಡಿ ಸೇರ್ಸಿದೀನಿ. ನಾಳೆ ನೀನ್ ಎಲ್ಲೂ ಹೋಗ್ಬೇಡ, ನಿನ್ ಕಾಲ್ಗೆ ಬೀಳ್ತೀನಿ."

"ಈ ಮಂಡಿನೋವ್ ಇಟ್ಕೊಂಡು ಎಲ್ಲಿಗ್ ಹೋಗ್ಲಿ ಕಣೇ."

ಭಾನುವಾರ ಅವಳು ರೂಮಿನಲ್ಲಿ, ನಾನು ಜಗಲಿಯ ಮೇಲೆ. ಕೋಟೆ ಬಾಗಿಲಿಗೆ ಆರು ಜನವೂ ಸೇರಿದ್ದೆವು. ಕಲ್ಲಿನ ರಾಕ್ಷಸ ಹೊರಗೆ ಬರುವುದೊಂದು ಬಾಕಿ. ಅಷ್ಟರಲ್ಲಿ ಹಿಂದೂಪುರದವಳ ಸಂದೇಶ ಬಂತು. ಗುಹೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ, ನಮ್ಮವರು ಬೀಳುತ್ತಿದ್ದಾರೆ, ಈಗಲೇ ಬಾ ಅವ್ವಾ ಅಂತ.

ಕರೆದಿದ್ದಾಳೆ, ಹೋಗಬೇಕು. ಅದರಲ್ಲಿ ಯೋಚನೆ ಮಾಡುವಂಥದ್ದೇನೂ ನನಗೆ ಕಾಣಲಿಲ್ಲ.

"ಹಾಲುಕ್ತಾ ಐತೆ, ಬಂದೆ ಇರಿ" ಎಂದು ಮೈಕಿನಲ್ಲಿ ಹೇಳಿ ಹೊರಟೆ. ಒಲೆಯನ್ನೇ ಹಚ್ಚಿರಲಿಲ್ಲ.

ಗುಹೆಯಲ್ಲಿ ಎಮ್ಮೆಯಷ್ಟು ದೊಡ್ಡ ಕಪ್ಪೆ. ಹೆಬ್ಬೆರಳು ನೋಯುವವರೆಗೂ ಹಸಿರು ಬಟನ್ ಒತ್ತಿದೆ. ಬಿದ್ದವರು ಎದ್ದರು, ಕಪ್ಪೆ ಮಗುಚಿಕೊಂಡಿತು. "ಸಲ್ಲಗಾ ಉಂಡು ಅವ್ವಾ" ಎಂದಳು ಹಿಂದೂಪುರದವಳು, ತಣ್ಣಗಿರು ಅಂತ ಹರಸಿ. ಕೋಟೆಗೆ ವಾಪಸು ಬಂದು ನೋಡಿದರೆ ನಮ್ಮವರು ಐದೂ ಜನ ಬಾಗಿಲಲ್ಲಿ ಸಾಲಾಗಿ ಬಿದ್ದಿದ್ದರು.

"ಅಜ್ಜಿ, ಹಾಲು ಕಾಯ್ತಾ?" ಅಂದ ಬಿಲ್ಲುಗಾರ.

"ಕಾಯ್ತು ಕಣಪ್ಪ. ಬೆಲ್ಲ ಹಾಕ್ಲಾ?"

ಮೊಮ್ಮಗಳು ರೂಮಿನಿಂದ ಹೊರಗೆ ಬಂದಳು. "ಎಲ್ಲೋಗಿದ್ದೆ?"

"ಮುಯ್ಯಾಳಿಗೆ." ಹಿಂದೂಪುರದವಳ ವಿಷಯ ಹೇಳಿದೆ.

"ಇದು ಆಟ ಅಜ್ಜಿ! ಆಟದಲ್ ಯಾವ್ ಮುಯ್ಯಾಳು?"

"ಆಟ ಅಂದ್ಮೇಲೆ ನೀನ್ಯಾಕ್ ಅಳ್ತಿದೀಯ?"

ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆಗೆ ಅವಳ ಹೆಸರಿನ ಮೇಲಿದ್ದ ಪುಟ್ಟ ಕಿರೀಟ ಬಿಲ್ಲುಗಾರನ ಹೆಸರಿನ ಮೇಲೆ ಹೋಗಿ ಕೂತಿತು. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ನನಗೆ ಹೇಳಿಕೊಳ್ಳುವಂಥ ಸಂಕಟವೇನೂ ಆಗಲಿಲ್ಲ. ಅವಳ ಮುದ್ದೆಗೆ ತುಪ್ಪ ಮಾತ್ರ ಸ್ವಲ್ಪ ಜಾಸ್ತಿ ಬೀಳುತ್ತಿತ್ತು.

ಎದುರು ಮಾತಾಡಿದಳು ಎಂದು ಹೊಸ ನಾಯಕ ಅವಳನ್ನು ಗುಂಪಿನಿಂದಲೇ ತೆಗೆದುಹಾಕಿದ. ಅವಳು ಕಟ್ಟಿದ ಗುಂಪಿನಿಂದ ಅವಳನ್ನೇ. ಆವತ್ತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ನನ್ನ ಪಕ್ಕದಲ್ಲಿ ಬಂದು ಕೂತಳು.

"ನಿನ್ ಹಿಂದೂಪುರದ ಅಕ್ಕ ನನ್ ಜೊತೆ ಕೋಟೆಗೆ ಬರ್ತಾರಾ ಅಜ್ಜಿ? ನಾವಾಗ್ ನಾವೇ ಗೆದ್ ತೋರ್ಸ್ಬೇಕು."

"ಅವಳ್ ಬಂದಿದ್ದಕ್ಕೂ ನಾನ್ ಹೋಗಿದ್ದಕ್ಕೂ ಸರಿಹೋಯ್ತಲ್ಲ. ಇನ್ ಕರೀಬೇಕಂದ್ರೆ ಮೊದ್ಲು ನೀನ್ ಅವಳ್ ಕೆಲ್ಸಕ್ ಹೋಗು."

"ಏನ್ ಕೆಲ್ಸ?"

"ಬೇರು ಕೀಳೋದು."

"ನಾಯಕಿ ಆಗಿದ್ದೋಳು ನಾನು!"

"ಆಗಿದ್ದೋಳು ತಾನೆ."

ಮುಖ ಊದಿಸಿಕೊಂಡೇ ಹೋದಳು. ಒಂದಿಡೀ ಮಧ್ಯಾಹ್ನ ಗಡ್ಡದ ಆಳಿನ ಹಿಂದೆ ಬಗ್ಗಿ ಬಗ್ಗಿ ಬೇರು ಕಿತ್ತಳು. ಮಾರನೇ ದಿನವೂ ಹೋದಳು, ನಾನು ಹೇಳಿರಲಿಲ್ಲ. ಹರಕು ಮುರುಕು ತೆಲುಗಿನಲ್ಲಿ ಇಬ್ಬರೂ ಬ್ಲೌಸಿನ ತೋಳಿನ ಬಗ್ಗೆ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಹಿಂದೂಪುರದವಳು ತನ್ನ ಕಡೆಯ ಮೂವರನ್ನು ಕರೆದುಕೊಂಡು ಕೋಟೆ ಬಾಗಿಲಿಗೆ ಬಂದಳು. ನಮ್ಮ ಮನೆಯಲ್ಲಿ ಆಗ ಹುಳು ಇರಲಿಲ್ಲ, ಮಗ ಬೆಳಿಗ್ಗೆಯೇ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿದ್ದ. ಅಜ್ಜಿ ಮೊಮ್ಮಗಳು ಒಂದೇ ಜಗಲಿಯ ಮೇಲೆ ಕೂತಿದ್ದೆವು. ಒಳಗೆ ಬಿಡುವ ಮುಂಚೆ ಆಟ ಕೇಳಿತು, ನಾಯಕರು ಯಾರು ಅಂತ. ಮೊಮ್ಮಗಳ ಬೆರಳು ಅಲ್ಲೇ ನಿಂತಿತು.

"ನುವ್ವೇ ಅಮ್ಮಾ" ಅಂದಿತು ಗಡ್ಡದೊಳಗಿನ ದನಿ. "ಪಿಲಿಚಿಂದಿ ನುವ್ವೇ ಕದಾ."

ಕರೆದವಳು ನೀನೇ ತಾನೆ, ಅಂದರೆ ಇವತ್ತಿನ ಯಜಮಾನಿಕೆ ನಿನ್ನದು. ನಾಳೆ ಅವಳ ಕೆಲಸ, ನಾಳೆ ಅವಳದು. ಹೊಲಿಗೆಯವಳಿಗೆ ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕಿರೀಟ ಮತ್ತೆ ಮೊಮ್ಮಗಳ ಹೆಸರಿನ ಮೇಲೆ ಬಂತು. ಅವಳು ಅದನ್ನು ಸರಿಯಾಗಿ ನೋಡಲೂ ಇಲ್ಲ, ಕಲ್ಲಿನ ರಾಕ್ಷಸ ಹೊರಗೆ ಬಂದಿದ್ದ.

ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯವಳು ಕೂಗಿದಳು. "ಅಮ್ಮೋ, ಹುಳ ಹಣ್ಣಾಗವೆ! ಬಿರ್ರನೆ ಬಾಮ್ಮೋ!"

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಹಾಲುಕ್ತಾ ಐತೆ ಅಂತ ಹೇಳ್ಲಾ?" ಅಂದೆ.

"ಫೋನ್ ಇಲ್ಲಿ ಕೊಡು" ಎಂದು ನನ್ನ ಕೈಯಿಂದ ಕಿತ್ತುಕೊಂಡಳು. "ಹಸಿರು ಬಟನ್ನೂ ನಾನೇ ಒತ್ಕೋತೀನಿ. ನೀನ್ ಹೋಗಜ್ಜಿ, ಅವ್ರು ಕಾಯ್ತಾವ್ರೆ."

ಚಂದ್ರಿಕೆಗಳೆಲ್ಲ ತುಂಬಿ, ಕೈತೊಳೆದು ವಾಪಸು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅವಳು ಅದೇ ಜಾಗದಲ್ಲಿ ಕೂತಿದ್ದಳು.

"ಕೋಟೆ ಬಿತ್ತಾ?"

"ಆಗ್ಲೇ ಬಿತ್ತು" ಅಂದಳು, ತಲೆ ಎತ್ತದೆ. ಹಿಂದೂಪುರದವಳ ಬುಟ್ಟಿಗೆ ಬೇರು ಕೀಳುತ್ತಿದ್ದಳು.