ಪಕ್ಕದಲ್ಲಿ ಕೂರಲು ಬಂದವರು

ಗಂಡ ಸ್ವಲ್ಪ ಹೊತ್ತು ಸುಮ್ಮನೆ ಪಕ್ಕದಲ್ಲಿ ಕೂರಲಿ ಎಂದು ಕೇಳುವುದಕ್ಕೆ ಬೇರೆ ರೀತಿ ಏನಾದರೂ ಇದೆಯೇ, ಗೆಳೆಯರೇ? ನಾನೇ ಸರಿಯಾಗಿ ಕೇಳಲಿಲ್ಲವೋ ಏನೋ.

ಬೆಳಗ್ಗೆ ಮೈಸೂರಿನಿಂದ ಫೋನ್ ಬಂತು. ಶಾಲೆಯಿಂದಲೂ ಜೊತೆಗಿದ್ದ ಗೆಳತಿ ಸುಮಾ ನಿನ್ನೆ ತೀರಿಕೊಂಡಳಂತೆ. ಸಂಸ್ಕಾರವೂ ಆಯಿತಂತೆ. ಹೇಳಿದ ತಕ್ಷಣ ಇವರು ಮೊಬೈಲ್ ಎತ್ತಿಕೊಂಡರು.

“ಅಹಮದಾಬಾದಿಂದ ಫ್ಲೈಟ್ ನೋಡ್ಲಾ?”

“ಎಲ್ಲಾ ಮುಗಿದೋಯ್ತು ರೀ. ಇಲ್ಲೇ ಸ್ವಲ್ಪ ಕೂತ್ಕೊಳ್ಳಿ.”

ಕೂತರು. ಕೂತಷ್ಟೇ ಬೇಗ ಎದ್ದರು. “ಏನ್ ಮಾಡ್ಬೇಕು ಹೇಳು, ಮಾಡ್ತೀನಿ. ಸುಮ್ನೆ ಕೂತ್ರೆ ಏನಾಗುತ್ತೆ?”

ಅವರು ಹೊರಗೆ ಹೋದರು.

ಆಮೇಲೆ ಎದುರು ಫ್ಲ್ಯಾಟಿನ ಕೋಕಿಲಾಬೆನ್ ಬಂದು ನನ್ನನ್ನು ತಬ್ಬಿಕೊಂಡರು. “ರೋ ಲೋ ಬೆಹೆನ್, ರೋ ಲೋ. ಭಾಯಿ ನೇ ಸಬ್ ಬತಾಯಾ.” ಅತ್ತುಬಿಡು, ನಿಮ್ಮವರು ಎಲ್ಲ ಹೇಳಿದರು ಎಂದರು. ನಾನೂ ಸುಮಾನೂ ಒಂದೇ ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಿದ್ದುದು, ಅವಳು ನನ್ನ ಮದುವೆಯಲ್ಲಿ ನನಗಿಂತ ಹೆಚ್ಚು ಅತ್ತದ್ದು, ಎಲ್ಲವೂ ಅವರಿಗೆ ಗೊತ್ತಾಗಿತ್ತು. ಇದೆಲ್ಲ ಇವರಿಗೆ ನೆನಪಿದೆಯೆಂದು ನನಗೇ ತಿಳಿದಿರಲಿಲ್ಲ. ನನ್ನ ಹತ್ತಿರವೇ ಹೇಳಬಹುದಿತ್ತು.

ಇವರು ಬ್ಯಾಂಕಿನವರು ನೋಡಿ, ತಾವು ಎದ್ದರೆ ಕೌಂಟರಿಗೆ ಇನ್ನೊಬ್ಬರನ್ನು ಕೂರಿಸಿ ರೂಢಿ.

“ಈಗ ಪರವಾಗಿಲ್ವಾ?” ಬಾಗಿಲಲ್ಲೇ ನಿಂತು ಕೇಳಿದರು. ಅವರ ಕಣ್ಣೂ ಕೆಂಪಾಗಿತ್ತು. ಪರವಾಗಿಲ್ಲ ಎಂದೆ. ನೆಮ್ಮದಿಯಿಂದ ಆಫೀಸಿಗೆ ಹೊರಟರು.

ಕೋಕಿಲಾಬೆನ್ ಮಧ್ಯಾಹ್ನದವರೆಗೂ ನನ್ನ ಕೈ ಬಿಡಲಿಲ್ಲ. ಹೆಂಡತಿಯ ಮನಸ್ಸನ್ನು ಇಷ್ಟು ಅರಿತ ಗಂಡ ಎಲ್ಲರಿಗೂ ಸಿಗುವುದಿಲ್ಲ ಎಂದು ಸಮಾಧಾನ ಹೇಳುತ್ತಲೇ ಇದ್ದರು.