ಬರ್ತೇವ್ರಿ ಅಕ್ಕೋರ

ನಮ್ಮ ಮನೆಯ ಜೋಳ ಗಿರಣಿಗೆ ಹೋಗುವುದು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಚೀಲದಲ್ಲಿ. ನಗಬೇಡಿ, ನಿಜ. ನೀಲಿ ಬಟ್ಟೆಯ ಚೀಲ. ಅದರ ಮೇಲಿನ ಹೆಸರು ಒಗೆದೊಗೆದು ಅರ್ಧ ಅಳಿಸಿದೆ, ಉಳಿದರ್ಧದ ಮೇಲೆ ಹಿಟ್ಟು ಕೂತಿದೆ. ಇವತ್ತು ಬೆಳಿಗ್ಗೆ ಅಪ್ಪ ಅದನ್ನು ಕೊಡವಿದ. ಹಳೆ ಹಿಟ್ಟಿನ ಘಾಟು ಮೂಗಿಗೆ ಬಡಿಯಿತು, ಅದರ ಹಿಂದೆಯೇ ತೀರಿಹೋದ ಆಯಿ ಕಣ್ಣ ಮುಂದೆ ಬಂದು ನಿಂತಳು.

ಆಯಿ ಅಂದರೆ ಅಪ್ಪನ ತಾಯಿ. ನಿಂಬರ್ಗಾದ ತೊಗರಿ ಹೊಲಗಳಲ್ಲಿ ಕೂಲಿಗೆ ಕಳೆ ಕಿತ್ತು ಮಗನನ್ನು, ಮಗಳನ್ನು ಓದಿಸಿದವಳು. ಮಗ ಆಳಂದದಲ್ಲಿ ಕಾಲೇಜು ಮೇಷ್ಟ್ರಾದ ಮೇಲೂ ಕಳೆ ಕೀಳುವ ಖುರ್ಪಿ ಕೆಳಗಿಡಲಿಲ್ಲ. ಮನೆಯಲ್ಲಿ ಅವಳದೊಂದು ಕಾಯಿದೆ ಇತ್ತು: ಹೊರಗೆ ಹೊರಟವರು ‘ಹೋಗ್ತೇನಿ’ ಅನ್ನಬಾರದು, ‘ಬರ್ತೇನಿ’ ಅನ್ನಬೇಕು. ಬಾಯಿ ತಪ್ಪಿದರೆ ವಾಪಸ್ ಕರೆದು, ಕೂಡ್ರಿಸಿ, ನೀರು ಕುಡಿಸಿ, ಸರಿಯಾಗಿ ಅನ್ನಿಸಿಯೇ ಕಳಿಸುತ್ತಿದ್ದಳು. ಇದರಿಂದ ನನಗೆ ಎಷ್ಟು ಬಸ್ಸು ತಪ್ಪಿವೆಯೋ ಲೆಕ್ಕವಿಲ್ಲ.

ನನಗೆ ಹದಿನೇಳು ಆಗ. ಅಪ್ಪನ ತಂಗಿ ಇಂಗ್ಲೆಂಡಿನಲ್ಲಿ ನರ್ಸು. ಅವಳ ಕೂಸನ್ನು ನೋಡಲು ಅಪ್ಪ, ಅವ್ವ, ಆಯಿ, ನಾನು ನಾಲ್ವರೂ ಹೊರಟೆವು. ಕೂಸು ನೆಪ. ಅಪ್ಪನಿಗೆ ನನ್ನನ್ನು ಅಲ್ಲಿ ಓದಿಸುವ ಹುಚ್ಚು. ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡು ಮೂರು ವಿಶ್ವವಿದ್ಯಾಲಯ ಸುತ್ತಿಸಿದ. ಹಾಸ್ಟೆಲಿನಲ್ಲಿ ರೊಟ್ಟಿ ಸಿಗುತ್ತದೆಯೇ ಎಂದು ಮೂರೂ ಕಡೆ ಕೇಳಿದ. ನಾನೋ, ಊರಲ್ಲಿ ಮಾತಿನ ಮಲ್ಲಿ, ಅಲ್ಲಿ ಗಪ್. ಕನ್ನಡ ಶಾಲೆಯಲ್ಲಿ ಕಲಿತ ನನ್ನ ಇಂಗ್ಲಿಷು ‘ಯೆಸ್’ ಮತ್ತು ‘ನೈಸ್’ ಎಂಬೆರಡು ಪದಗಳಿಗೆ ಇಳಿದಿತ್ತು. ಅಷ್ಟರಲ್ಲೇ ಎರಡು ವಿಶ್ವವಿದ್ಯಾಲಯ ದಾಟಿಸಿದೆ ಅನ್ನಿ.

ಮೂರನೆಯದರಲ್ಲಿ ಮಣ್ಣಿನ ವಿಭಾಗ. ನರೆಗೂದಲ ಪ್ರಾಧ್ಯಾಪಕಿಯೊಬ್ಬಳು ಬೇರೆ ಬೇರೆ ಸೀಮೆಯ ಮಣ್ಣನ್ನು ತಟ್ಟೆಗಳಲ್ಲಿ ಹರವಿದ್ದಳು. ಆ ಕೋಣೆ ನೋಡಿದ ಕೂಡಲೇ ನನಗೆ ಇಲ್ಲೇ ಓದಬೇಕು ಅನ್ನಿಸಿಬಿಟ್ಟಿತು. ಅಪ್ಪ ಮತ್ತು ಅವ್ವ ಇನ್ನೂ ಹೊರಗಿದ್ದರು. ಆಯಿ ಯಾರನ್ನೂ ಕೇಳದೆ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು, ಅಂಗೈಯಲ್ಲಿ ಉಗುಳಿ, ತಿಕ್ಕತೊಡಗಿದಳು.

“ಜಿಗಿ ಏನೋ ಅದ. ಖರೆ ಈ ಮಣ್ಣು ಬ್ಯಾಸಿಗ್ಯಾಗ ಬಾಯಿ ಬಿಡ್ತದೇನು, ಅಕ್ಕೋರಿಗಿ ಕೇಳಬೇ. ನಮ್ಮ ಎರಿ ಹೊಲ ಬಾಯಿ ಬಿಡ್ತಾವ. ಮ್ಯಾಲಿನ ಮಣ್ಣು ಒಳಗ ಬೀಳ್ತದ, ಗಾಳಿ ಇಳಿತದ. ನಾವು ರಂಟಿ ಹೊಡಿಯೋಕಿಂತ ಮೊದಲು ಭೂಮಿ ತನ್ನಷ್ಟಕ್ಕ ತಾನೇ ರಂಟಿ ಹೊಡಕೋತದ.”

ಪಾಠ ಹೇಳುವ ಹೆಂಗಸರೆಲ್ಲ ಆಯಿಗೆ ಅಕ್ಕೋರು. ಪ್ರಾಧ್ಯಾಪಕಿ ಆಯಿಯ ಅಂಗೈಯನ್ನೇ ನೋಡುತ್ತಿದ್ದಳು. ಏನಂದರು ಎಂದು ನನ್ನನ್ನು ಕೇಳಿದಳು. ಹೊಲ ಬಾಯಿ ಬಿಡುವುದನ್ನು, ತನ್ನನ್ನು ತಾನೇ ಉತ್ತುಕೊಳ್ಳುವುದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಉಗುಳಿಗೆ ನಾಚಿ ಸತ್ತಿದ್ದೆ. “ನೈಸ್ ಅಂದಳು” ಎಂದೆ.

ಆಕೆ ನಕ್ಕು, ಮೇಜಿನ ಮೇಲಿದ್ದ ನೀಲಿ ಚೀಲ ತೆಗೆದು ಆಯಿಯ ಕೈಗಿಟ್ಟಳು. ಹೊರಡುವಾಗ ಆಯಿ ಕೈ ಮುಗಿದಳು: “ಬರ್ತೇವ್ರಿ ಅಕ್ಕೋರ.” ಮತ್ತೆ ಏನಂದರು ಎಂದು ಪ್ರಶ್ನೆ. ಈ ಸಲ ಮಾತ್ರ ನಾನು ಪದಕ್ಕೆ ಪದ ಹೇಳಿದೆ: ನಾವು ಬರುತ್ತೇವೆ ಅನ್ನುತ್ತಿದ್ದಾಳೆ. ಆಕೆ ಆಯಿಯ ಎರಡೂ ಕೈ ಹಿಡಿದು, ಕಾಯುತ್ತೇನೆ ಎಂದಳು. ನನ್ನ ಮಿಂಚಂಚೆಯ ವಿಳಾಸವನ್ನೂ ಬರೆಸಿಕೊಂಡಳು.

ಆಯಿ ಊರಿಗೆ ಬಂದವಳೇ ನಿಂಬರ್ಗಾದ ಓಣಿ ಓಣಿಗೆ ಚೀಲ ತೋರಿಸಿದಳು. “ನಾ ಮಣ್ಣಿನ ಗುಣ ಹೇಳಿದ್ದಕ್ಕ ಅಕ್ಕೋರು ಖುಷಿಯಾಗಿ ಕೊಟ್ಟಾರ!” ನಾನು ಪಕ್ಕದಲ್ಲೇ ನಿಂತು ತಲೆ ಆಡಿಸಿದೆ.

ಪಿಯುಸಿ ಮುಗಿದಾಗ ಪ್ರಾಧ್ಯಾಪಕಿಯ ಪತ್ರ ಬಂತು. ಆಳಂದದ ನೆಟ್ ಸೆಂಟರಿನಲ್ಲಿ ಕೂತು ಓದಿದೆ. ನಿನ್ನ ಅಜ್ಜಿ ಬರುತ್ತೇವೆ ಅಂದಿದ್ದರು, ಅರ್ಜಿ ಹಾಕು, ವಿದ್ಯಾರ್ಥಿವೇತನಕ್ಕೆ ನಾನು ಶಿಫಾರಸು ಬರೆಯುತ್ತೇನೆ ಎಂದಿತ್ತು. ಕೊನೆಗೊಂದು ಸಾಲು: ಅಂದು ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನೀನು ಒಂದೇ ಪದದಲ್ಲಿ ಮುಗಿಸಿದೆ, ಪೂರ್ತಿ ಏನಂದರು ಎಂದು ಬರೆದು ಕಳಿಸು.

ಸಿಕ್ಕಿಬಿದ್ದಿದ್ದೆ. ನಾಳೆ ಬರೆದರಾಯಿತು ಅಂದುಕೊಂಡೆ. ಆಮೇಲೆ ತಡವಾದದ್ದಕ್ಕೇ ನಾಚಿಕೆಯಾಯಿತು. ಅರ್ಜಿಯ ದಿನವೂ ದಾಟಿತು. ಅಪ್ಪ ಕೇಳಿದಾಗ, “ಅವರು ಏನೂ ಬರೀಲಿಲ್ಲಪ್ಪಾ” ಎಂದುಬಿಟ್ಟೆ. ಅಪ್ಪ ನಂಬಿದ. ಆಯಿ ನಂಬಲಿಲ್ಲ. ಬೇಸಿಗೆಯಲ್ಲಿ ಹೊಲ ಬಾಯಿ ಬಿಟ್ಟಾಗಲೆಲ್ಲ, “ಅಕ್ಕೋರು ಮರಿಯೋ ಹೆಣ್ಮಗಳಲ್ಲ ಬೇ, ಇನ್ನೊಮ್ಮೆ ನೋಡು” ಅನ್ನುತ್ತಿದ್ದಳು. ಹಾಗೆ ಅನ್ನುತ್ತಲೇ ಒಂದು ವರ್ಷ ತೀರಿಕೊಂಡಳು.

ಈಗ ನಾನು ಅಫಜಲಪುರದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ, ರಜೆಗೆ ಮನೆಗೆ ಬರುತ್ತೇನೆ. ಕಪ್ಪು ಮಣ್ಣಿನ ಪಾಠ ಬಂದಾಗ ಆಯಿಯ ಮಾತನ್ನೇ ಹೇಳುತ್ತೇನೆ, ಯಾರದೆಂದು ಹೇಳುವುದಿಲ್ಲ. ನನ್ನ ಧೈರ್ಯ ಇಷ್ಟೇ.

ಇವತ್ತು ಅಪ್ಪ ಚೀಲಕ್ಕೆ ಜೋಳ ಸುರಿಯುತ್ತ ಎಂದಿನಂತೆ ಗೊಣಗಿದ: “ಚೀಲ ಕೊಟ್ರು, ಖರೆ ಒಂದು ಸಾಲು ಬರೀಲಿಲ್ಲ ನೋಡು ಆ ಅಕ್ಕೋರು.” ಏನೂ ತಪ್ಪು ಮಾಡದ ಆ ಹೆಣ್ಣುಮಗಳು ಇಷ್ಟು ವರ್ಷ ನನ್ನ ಬದಲು ಬೈಸಿಕೊಂಡಿದ್ದಳು. ಇವತ್ತು ತಡೆಯಲಾಗಲಿಲ್ಲ.

“ಬರೆದಿದ್ರಪ್ಪಾ. ನಾನೇ ಉತ್ತರ ಕೊಡಲಿಲ್ಲ.”

ಎಲ್ಲ ಹೇಳಿದೆ, ಅಂದು ‘ನೈಸ್’ ಅಂದು ಮುಗಿಸಿದ್ದನ್ನೂ. ನೀನು ಓದಬಹುದಿತ್ತಲ್ಲ ಎಂದು ಬೈಯುತ್ತಾನೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿದ್ದೆ. ಅಪ್ಪ ಚೀಲದ ಬಾಯಿಗೆ ದಾರ ಸುತ್ತುತ್ತ ಕೂತ.

“ಮಣ್ಣಿನ ಮಾತರ ಆಮ್ಯಾಲ ಅಕ್ಕೋರಿಗಿ ಹೇಳಿದ್ಯೋ ಇಲ್ಲೋ?”

“ಇಲ್ಲಪ್ಪಾ.”

“‘ನನ್ನ ಮಾತು ಕಾಲೇಜಿಗಿ ಮುಟ್ಟ್ಯಾದ’ ಅಂತ ನಮ್ಮವ್ವ ಸಾಯೋತನಕ ಅಂತಿದ್ಲಲ್ಲವ್ವಾ.”

ಅಪ್ಪ ಚೀಲವನ್ನು ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದ.

“ಗಿರಣಿಗಿ ಹೋಗ್ತೇನಿ” ಅಂದ.

ಒಳಗೆ ಓಡಿ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದೆ. ಅಷ್ಟರಲ್ಲಿ ಅವನು ಓಣಿಯ ತಿರುವು ದಾಟಿದ್ದ.